ಬಲಕ್ಕೆ ದೊಡ್ಡದು, ಎಡಕ್ಕೆ ಚಿಕ್ಕದು

"ನೆಟ್ಟಗೆ ನಿಲ್ಲಿ. ತಲೆ ತಾಗುದಿಲ್ಲ," ಎಂದ ಹಯವದನ.

ನಳಿನಿ ದೊಡ್ಡ ಹಾಯಿದೋಣಿಯ ಕೋಣೆಯೊಳಗೆ ಮೆಲ್ಲನೆ ಬೆನ್ನು ನೆಟ್ಟಗೆ ಮಾಡಿದಳು. ತಲೆಗೂ ಮೇಲಿನ ಹಲಗೆಗೂ ನಡುವೆ ಒಂದು ಗೇಣು ಉಳಿಯಿತು. ಅವನಿಗೆ ಅದೇ ದೊಡ್ಡ ಸಂತೋಷವಾದಂತೆ ಕಂಡಿತು.

ಅದು ೧೯೬೪ರ ಚೈತ್ರಮಾಸ. ಸೂರತ್ತಿನಲ್ಲಿ ದೀನಾಬಾಯಿ ಎಂಬ ಪಾರ್ಸಿ ವಿಧವೆ, ತೀರಿಹೋದ ಗಂಡನ ಎರಡು ಹಾಯಿದೋಣಿಗಳನ್ನು ತಾಪಿ ನದಿಯ ದಂಡೆಯಲ್ಲಿ ಮಾರಲಿಟ್ಟಿದ್ದರು. ಹಯವದನ ಗಂಗೊಳ್ಳಿಯವನು. ನೌಕಾಪಡೆಯಲ್ಲಿದ್ದು ಬಂದು, ಬರೋಡದ ಕಾಲೇಜು ಹುಡುಗರಿಗೆ ಹಾಯಿ ಕಟ್ಟಲು ಕಲಿಸುತ್ತಿದ್ದ. ಆ ಕೆಲಸ ಬಿಟ್ಟು ಸ್ವಂತ ದೋಣಿಯಲ್ಲಿ ಊರಿಗೆ ಮರಳಬೇಕೆಂಬುದು ಅವನ ಆಸೆ. ಶನಿವಾರಗಳಂದು ಸೂರತ್ತಿಗೆ ಬಂದಾಗ ಅವನ ಸೀಮೆಯವರೇ ಆದ ಪದ್ಮನಾಭ ಐತಾಳರ ಹೋಟೆಲಿನಲ್ಲಿ ಅವನ ಊಟ. ನಳಿನಿ ಐತಾಳರ ಮಗಳು. ಅಂದು ಐತಾಳರು ಅವಳನ್ನೂ ಕರೆತಂದು, ತಾವು ದಂಡೆಯಲ್ಲಿ ದೀನಾಬಾಯಿಯ ಜೊತೆ ಮಾತಿಗೆ ಕುಳಿತಿದ್ದರು.

"ಇದಕ್ಕೆ ಎಷ್ಟು ಪ್ರಾಯ?" ಎಂದು ನಳಿನಿ ಕೇಳಿದಳು.

"ನನಗಿಂತ ನಾಲ್ಕು ವರ್ಷ ದೊಡ್ಡದು."

"ಹುಡುಗಿಯೇ ದೊಡ್ಡವಳಾದಳು. ಜಾತಕ ಕೂಡ್ಲಿಕ್ಕಿಲ್ಲ."

ಅವನು ನಕ್ಕ. ಅವಳ ಜಾತಕ ಒಂದು ಸಂಬಂಧಕ್ಕಾಗಿ ಅಹಮದಾಬಾದಿಗೆ ಹೋಗಿರುವುದು ಅವನಿಗೂ ಗೊತ್ತಿತ್ತು. ನಗು ಬೇಗ ನಿಂತಿತು.

"ಪೂರಾ ಸಾಗುವಾನಿ. ಮೂವತ್ತೆಂಟು ಅಡಿ. ಆದರೆ ತಳದ ಹಲಗೆ ಹುಳ ತಿಂದು ನೀರು ಒಸರ್ತದೆ. ಹತ್ತಿಬಟ್ಟೆಯ ಹಾಯಿ, ಒದ್ದೆಯಾದರೆ ಒಬ್ಬನಿಂದ ಎತ್ಲಿಕ್ಕೆ ಆಗುದಿಲ್ಲ. ರಿಪೇರಿ ಮುಗಿಯುವಾಗ ದೀಪಾವಳಿ. ಅಲ್ಲಿವರೆಗೆ ನಾನು ಇಲ್ಲೇ ಇರಬೇಕಾಗ್ತದೆ." ಕೊನೆಯ ಮಾತನ್ನು ಅವನು ಮೂಲೆಯ ಸೀಮೆಎಣ್ಣೆ ಸ್ಟವ್ ನೋಡುತ್ತ ಹೇಳಿದ. "ಇಲ್ಲಿ ನಿಂತು ಅಡುಗೆ ಮಾಡಬಹುದು."

ಚಿಕ್ಕ ದೋಣಿ ಇಪ್ಪತ್ತೆರಡೇ ಅಡಿ. ಬೊಂಬಾಯಿಯಲ್ಲಿ ಆರು ವರ್ಷದ ಹಿಂದೆ ಪ್ಲೈವುಡ್ಡಿನಲ್ಲಿ ಕಟ್ಟಿದ್ದು. ಟೆರಿಲೀನ್ ಹಾಯಿ ಹಗುರವಾಗಿತ್ತು. ಬಗ್ಗಿ ಒಳಗೆ ಹೋದ ನಳಿನಿ ಮೊಣಕಾಲಿಗೆ ಗಲ್ಲ ತಾಗಿಸಿಕೊಂಡು ಕೂರಬೇಕಾಯಿತು.

"ಇಲ್ಲಿ ದೋಸೆ ಹೊಯ್ದರೆ ಕವುಚಿ ಹಾಕುದು ಎಲ್ಲಿ?"

"ಇದರಲ್ಲಿ ಹೋಗುವವ ಅವಲಕ್ಕಿ ತಿಂದುಕೊಂಡು ಇರಬೇಕು."

"ಒಬ್ಬರೇ?"

"ಒಬ್ಬನೇ. ಮಳೆಗಾಲಕ್ಕೆ ಮೊದಲೇ ಊರು ಮುಟ್ಟಬಹುದು."

ಅವನು ಕೇಳುತ್ತಿರುವುದು ದೋಣಿಯ ವಿಷಯವಲ್ಲವೆಂದು ಅವಳಿಗೆ ತಿಳಿಯಿತು. ಬಾಯಿಬಿಟ್ಟು ಕೇಳಲಿ ಎಂದು ಕಾದಳು. ಅವನು ಹಗ್ಗದ ತುದಿಯನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ನನಗೆ ತೀರ್ಮಾನ ಆಗುದಿಲ್ಲ. ನಿಮ್ಮ ಮನೆದೇವರ ಹತ್ರ ಹೂ ಕೇಳಿ ಹೇಳ್ತೀರಾ? ಬಲಕ್ಕೆ ದೊಡ್ಡದು, ಎಡಕ್ಕೆ ಚಿಕ್ಕದು."

ದೇವರ ಎರಡು ಭುಜಗಳಿಗೂ ಒದ್ದೆ ಹೂ ಅಂಟಿಸಿ, ಯಾವುದು ಮೊದಲು ಬೀಳುವುದೋ ಅದನ್ನೇ ಅಪ್ಪಣೆ ಎಂದು ತಿಳಿಯುವುದು ಅವರ ಊರಿನ ಕಡೆಯ ಪದ್ಧತಿ. ಐತಾಳರು ಸೂರತ್ತಿಗೆ ಬಂದದ್ದೂ ಹಾಗೆಯೇ.

ಮರುದಿನ ಮಿಂದು, ಮಡಿಯುಟ್ಟು, ನಳಿನಿ ನರಸಿಂಹದೇವರ ಮುಂದೆ ಕುಳಿತಳು. ಬಲದ ಹೂವನ್ನೇ ನೋಡುತ್ತಿದ್ದಳು. ಬಲದ್ದು ಇನ್ನೇನು ಬೀಳುವಂತೆ ಜೋತುಕೊಂಡಿತ್ತು. ಉಗುರು ತಾಗಿಸಿದ್ದರೆ ಸಾಕಿತ್ತು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಎಡದ್ದು ಬಿತ್ತು.

ಮುಂದಿನ ಶನಿವಾರ ಹೋಟೆಲಿನಲ್ಲಿ, "ಎಡ," ಎಂದಳು.

ಅವನು ಕಾಫಿ ಲೋಟ ಕೆಳಗಿಟ್ಟ. "ಸರಿಯಾಗಿ ನೋಡಿದಿರಾ?"

"ದೇವರ ಹೂವನ್ನು ಯಾರಾದರೂ ತಪ್ಪು ನೋಡ್ತಾರಾ?"

ಕಣ್ಣೀರು ಕಾಣಬಾರದೆಂದು ಅವಳು ತಲೆ ತಗ್ಗಿಸಿದಳು. ಅವನು ಅದನ್ನು ಬೇರೆಯಾಗಿ ತಿಳಿದ. ಅಂದೇ ಹೋಗಿ ಚಿಕ್ಕ ದೋಣಿಯನ್ನು ಕೊಂಡ.

ಐತಾಳರು ಹೆಂಡತಿಗೆ ಹೇಳಿದರು: "ಆ ಹುಡುಗ ಬಾಯಿ ಬಿಡ್ತಾನೋ ಅಂತ ಕಾದೆ ಮಾರಾಯ್ತಿ. ಊರಿಗೆ ಹೊರಟೇ ಬಿಟ್ಟ. ಇನ್ನು ತಡ ಮಾಡುದು ಬೇಡ." ಅಹಮದಾಬಾದಿನ ಇನ್ಶೂರೆನ್ಸ್ ಆಫೀಸಿನ ಹುಡುಗನೊಂದಿಗೆ ನಳಿನಿಯ ನಿಶ್ಚಯ ತಾಂಬೂಲವಾಯಿತು.

ವೈಶಾಖದಲ್ಲಿ ಅವನು ಹೊರಟ. ಇಳಿತದ ನೀರಿನೊಂದಿಗೆ ಹೋಗಬೇಕು. ನದಿಯ ನೀರು ಆಗಲೇ ಸಮುದ್ರದ ಕಡೆಗೆ ತಿರುಗಲು ತೊಡಗಿತ್ತು. ಐತಾಳರು ಬುತ್ತಿಯನ್ನು ದೋಣಿಯೊಳಗಿಟ್ಟು, ಗಾಳಿಯ ಬಗ್ಗೆ ವಿಚಾರಿಸಲು ಅಂಬಿಗರ ಕಡೆಗೆ ಹೋದರು. ನಳಿನಿ ದಂಡೆಯಲ್ಲಿ ನಿಂತಿದ್ದಳು.

"ದೊಡ್ಡದು ಏನಾಯಿತು?"

"ಹಲಗೆ ಬಿಚ್ಚಿ ಮಾರ್ತಾರಂತೆ." ಹಯವದನ ಬುತ್ತಿಯನ್ನು ಒಳಗೆ ಸರಿಸಿದ. "ನೀವು ಬಲ ಅಂತ ಹೇಳಬಹುದಿತ್ತು."

"ಹೂ ಎಡಕ್ಕೆ ಬಿದ್ದಿತ್ತು."

"ನಿಜವಾಗಿಯೂ?"

"ಮತ್ತೆ? ದೇವರ ಮಾತನ್ನು ತಿರುಚುದಾ?"

ಅವನು ಅವಳನ್ನೇ ನೋಡಿದ. "ನನ್ನ ಅಮ್ಮ ಯಾವಾಗಲೂ ತಿರುಚ್ತಿದ್ದಳು. ಹೂ ಎಲ್ಲಿಗಾದರೂ ಬೀಳಲಿ, ತನಗೆ ಬೇಕಾದ್ದನ್ನೇ ದೇವರು ಹೇಳಿದ ಅಂತ ಅಪ್ಪನಿಗೆ ಹೇಳುದು. ಅಪ್ಪನಿಗೂ ಗೊತ್ತಿತ್ತು. ನಮ್ಮಲ್ಲಿ ಹೆಂಗಸರ ಮನಸ್ಸು ತಿಳಿಯುದೇ ಹಾಗೆ. ಎಡ ಅಂದಾಗ, ನಾನು ಹೋಗುದೇ ನಿಮಗೆ ಬೇಕು ಅಂತ ತಿಳಿದೆ."

ನಳಿನಿ ನೀರಿನ ಅಂಚಿಗೆ ಒಂದು ಹೆಜ್ಜೆ ಮುಂದೆ ಬಂದಳು.

"ಈಗ ನಿಮ್ಮ ಅಪ್ಪಯ್ಯನ ಹತ್ರ ಕೇಳಲಾ?"

"ಮೊನ್ನೆ ತಾಂಬೂಲ ಆಯಿತು."

ನೀರು ದೋಣಿಯನ್ನು ಎಳೆಯುತ್ತಿತ್ತು. ಅವನು ಹಗ್ಗ ಹಿಡಿದು ನಿಂತೇ ಇದ್ದ.

"ಒಳ್ಳೆಯವರಾ ಅವರು?"

"ಹೌದಂತೆ. ಸಮುದ್ರ ನೋಡಿಯೇ ಇಲ್ಲವಂತೆ."

ಇಬ್ಬರೂ ಸ್ವಲ್ಪ ನಕ್ಕರು. ಆಮೇಲೆ ಅವನು ಹಗ್ಗ ಬಿಟ್ಟ. ನದಿಯ ತಿರುವಿನವರೆಗೂ ಹಿಂದಕ್ಕೇ ಮುಖಮಾಡಿ ಕುಳಿತಿದ್ದ; ಚುಕ್ಕಾಣಿಯನ್ನು ಬೆನ್ನ ಹಿಂದಿನ ಕೈಯೇ ಹಿಡಿದಿತ್ತು.

ಭಗವಂತ ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ಅವನ ಮುಂದೆ ದೋಣಿಯನ್ನಷ್ಟೇ ಇಟ್ಟವರಿಗೆ ದೋಣಿಯ ಉತ್ತರವೇ ಸಿಕ್ಕುವುದು.

ಸಂಜೆ ನಳಿನಿ ನರಸಿಂಹದೇವರ ಮುಂದೆ ದೀಪ ಹಚ್ಚಿದಳು. ಹಿಂದೆಲ್ಲ ಅವಳು ಅಲ್ಲಿ ಕೈಮುಗಿದು ಏನಾದರೂ ಕೇಳಿಕೊಳ್ಳುತ್ತಿದ್ದಳು. ಅಂದು ಕೇಳಲಿಲ್ಲ, ಹೇಳಿದಳು.

"ನನಗೆ ಅವರು ಬೇಕಿತ್ತು."