ಅಸ್ತರಿನ ಬಟ್ಟೆ

ಕೋಣೆಯ ದೀಪಗಳು ಆರಿದವು. ಮಲಗಿದ್ದ ರಾಚಪ್ಪ ಶಿಂಪಿಯ ಹೊಟ್ಟೆಯ ಮೇಲೆ, ಹೊಕ್ಕುಳಿಗಿಂತ ತುಸು ಮೇಲೆ, ಹಸಿರು ಬೆಳಕಿನ ಆಕೃತಿಯೊಂದು ಮೂಡಿತು. ಉಸಿರಿಗೆ ತಕ್ಕಂತೆ ಹೊಟ್ಟೆ ಏರಿಳಿಯುತ್ತಿದ್ದರೂ ಆಕೃತಿ ಕದಲಲಿಲ್ಲ. ಕೆಳಗಿನ ಮೇಲ್ಮೈ ಕೂದಲೆಳೆಯಷ್ಟು ಬದಲಾದರೂ ಅದನ್ನು ಅಳೆದು ಚಿತ್ರವನ್ನು ತಿದ್ದಿಕೊಳ್ಳುವುದು ಒಳಬಿಂಬಕ ಯಂತ್ರದ ಹೆಚ್ಚುಗಾರಿಕೆ.

ಹಾಸಿಗೆಯ ಪಕ್ಕದಲ್ಲಿ ಅವನ ಹೆಂಡತಿ ನೀಲವ್ವ ನಿಂತಿದ್ದಳು. ಅವನ ಕಣ್ಣಿಗೂ ಹೊಟ್ಟೆಗೂ ನಡುವೆ ಬಿಳಿ ಬಟ್ಟೆಯೊಂದನ್ನು ಎರಡೂ ಕೈಗಳಿಂದ ಅಡ್ಡ ಹಿಡಿದಿದ್ದಳು.

ಹೀಗೆ ನಿಲ್ಲಲು ಅವಳೇ ಹಟ ಹಿಡಿದು ಅನುಮತಿ ಪಡೆದಿದ್ದಳು. ರಾಚಪ್ಪನ ಅಣ್ಣನಿಗೂ ಇದೇ ರೋಗ ಬಂದಿತ್ತು. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ದಿನವೇ ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ. ಮತ್ತೆ ತಟ್ಟೆಯ ಮುಂದೆ ಕೂರಲಿಲ್ಲ. ಅದಕ್ಕೇ ಗಂಡನಿಗೆ ಅವಳು ‘ಪಿತ್ತದ ಗಂಟು’ ಎಂದಷ್ಟೇ ಹೇಳಿದ್ದಳು.

“ಒಪ್ಪಿಗಿ ಪತ್ರಕ್ಕ ಸಹಿ ಮಾಡೂ ಮುಂದ ನಿಮ್ಮ ಯಜಮಾನ್ರು ಒಂದು ಪ್ರಶ್ನೆನೂ ಕೇಳಲಿಲ್ಲ ನೋಡ್ರಿ,” ಎಂದು ಒಳಬಿಂಬಕವನ್ನು ರೂಪಿಸಿದ ಡಾ. ಮೃದುಲಾ ಕಟ್ಟಿ ಆಗ ಅಚ್ಚರಿಪಟ್ಟಿದ್ದರು. “ಎಲ್ಲಾರೂ ಕೇಳ್ತಾರ.”

“ಅವರು ಮೊದಲಿಂದನೂ ಹಂಗರೀ. ಅಂಗಡ್ಯಾಗೂ ಮಾತು ಕಮ್ಮಿ, ಕತ್ತರಿ ಜಾಸ್ತಿ.”

ಚಿಕಿತ್ಸೆಯ ಬಗೆಯನ್ನು ಡಾಕ್ಟರು ಅಂದೇ ವಿವರಿಸಿದ್ದರು. ಮೇದೋಜೀರಕ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನೆಲುಬಿಗೆ ಅಂಟಿದಂತೆ. ಅಲ್ಲಿ ಬೆಳೆಯುವ ಗಡ್ಡೆ ಕೈಗೆ ಸಿಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

“ಅಷ್ಟು ಒಳಗ ನಿಮ್ಮ ಬೆಳಕು ಹೆಂಗ ಹೊಕ್ಕೈತ್ರಿ?”

ಡಾಕ್ಟರು ಮೊಬೈಲಿನ ಟಾರ್ಚನ್ನು ಅವಳ ಅಂಗೈಗೆ ಒತ್ತಿ ಹಿಡಿದಿದ್ದರು. ಬೆರಳ ಸಂದುಗಳು ಕೆಂಪಗೆ ಬೆಳಗಿದವು. “ಕೆಂಪು ಬೆಳಕು ಮಾಂಸ ದಾಟ್ತದ. ಕೆಂಪಿನ ಆಚೆ ಕಣ್ಣಿಗೆ ಕಾಣದ ಬೆಳಕು ಅದ, ಅದು ಇನ್ನೂ ಆಳಕ್ಕ ಹೋಗ್ತದ. ನಾವು ಕೊಡೋ ಔಷಧ ಗಡ್ಡೆಯೊಳಗ ಹೆಚ್ಚು ಸೇರಿಕೊಳ್ತದ. ಆ ಬೆಳಕು ತಾಕಿದ್ರ ಅದು ಮಿನುಗ್ತದ. ಯಂತ್ರ ಅದನ್ನ ಹಿಡಿದು, ಗಡ್ಡೆ ಎಲ್ಲದ, ಎಷ್ಟದ ಅಂತ ಚರ್ಮದ ಮ್ಯಾಲೆ ಚಿತ್ರ ಬಿಡಿಸ್ತದ. ಆ ಗುರುತು ನೋಡಿ ಸೂಜಿಯೊಳಗಿಂದ ಬೆಳಕಿನ ಎಳೆ ಇಳಿಸ್ತೀವಿ. ಆವಾಗ ಅದೇ ಔಷಧ ಗಡ್ಡೆನ ಸುಡ್ತದ.”

“ಪೂರಾ ಹೋಗ್ತೈತ್ರಿ?”

“ಹಂಗಂತ ನಾ ಹೇಳೂದಿಲ್ಲ. ತಡೀಬಹುದು.”

ವೈದ್ಯರು ಪರದೆಯತ್ತ ಕತ್ತು ತಿರುಗಿಸುವ ತೊಂದರೆ ತಪ್ಪಲೆಂದು ಚಿತ್ರವನ್ನು ಮೈಮೇಲೇ ಬೀಳಿಸಿದ್ದರು. ರೋಗಿಯೂ ಅದನ್ನು ನೋಡುತ್ತಾನೆ ಎಂಬುದು ಯಂತ್ರ ರೂಪಿಸಿದ ಯಾರಿಗೂ ಹೊಳೆದಿರಲಿಲ್ಲ. ಸುತ್ತಲೂ ಸಂವೇದಕಗಳ ಬಳೆ ಇದ್ದುದರಿಂದ ಮರೆ ನಿಲ್ಲಿಸಲು ಜಾಗವಿರಲಿಲ್ಲ. ನೀಲವ್ವ ಗಂಡನ ಹೊಲಿಗೆ ಅಂಗಡಿಯಿಂದ ಕೈಗೆ ಸಿಕ್ಕ ಹೊಸ ಬಟ್ಟೆಯೊಂದನ್ನು ತಂದು ತಾನೇ ಮರೆಯಾಗಿ ನಿಂತಳು.

ಮೊದಲ ಸಲ ಆಕೃತಿ ಸಣ್ಣ ನಿಂಬೆಹಣ್ಣಿನಷ್ಟಿತ್ತು. ಎರಡನೆಯ ಸಲ ಅದಕ್ಕಿಂತ ಕಿರಿದಾಗಿತ್ತು. ಅಂದು ಮನೆಗೆ ಹೋಗಿ ಅವಳು ಶ್ಯಾವಿಗೆ ಪಾಯಸ ಮಾಡಿದ್ದಳು. ಇಂದು ಅದು ಅಗಲವಾಗಿತ್ತು. ಅಂಚಿನಿಂದ ಬಲಗಡೆಗೆ, ಯಕೃತ್ತಿನತ್ತ, ಬಿಡಿ ಚುಕ್ಕೆಗಳು ಹರಡಿದ್ದವು.

ಡಾಕ್ಟರು ಸೂಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ನೀಲವ್ವನನ್ನು ನೋಡಿ ಇಲ್ಲವೆಂಬಂತೆ ತಲೆಯಾಡಿಸಿದರು. ಅವಳ ತೋಳುಗಳು ಸೋಲುತ್ತಿದ್ದವು. ಆದರೂ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದಳು.

“ಯಾಕ್ರೀ ಡಾಕ್ಟ್ರವ್ವಾರ, ಇವತ್ತ ಚುಚ್ಚಾಂಗಿಲ್ಲೇನು?” ಬಟ್ಟೆಯ ಆಚೆಯಿಂದ ರಾಚಪ್ಪ ಕೇಳಿದ.

ಡಾಕ್ಟರು ಬಾಯಿ ತೆರೆಯುವ ಮೊದಲೇ ನೀಲವ್ವ ಹೇಳಿದಳು: “ಗಂಟು ಕರಗೇತಂತ. ಇನ್ನ ಸೂಜಿ ಬ್ಯಾಡಂತ.”

ಅವನು ಬಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿದ.

“ಬಟ್ಟಿ ಇಳಿಸು, ನೀಲಾ.”

“ತಡೀರಿ, ಇನ್ನೂ ಮುಗಿದಿಲ್ಲ.”

“ಅಸ್ತರಿನ ಬಟ್ಟಿ ಅದು. ಜಂಪರಿನ ಒಳಗ ಹಚ್ಚೂದು. ಬೆಳಕು ತಡೀತೈತೇನು? ಶಿಂಪಿ ಹೇಂತಿಯಾಗಿ ಇಷ್ಟು ತಿಳೀಲಿಲ್ಲ ನಿನಗ.”

ಅವಳ ಕೈ ತಾನಾಗಿಯೇ ಇಳಿಯಿತು. “ಯಾವಾಗಿಂದ ಕಾಣಾಕತ್ತಿತ್ತು?”

“ಮೊದಲನೇ ದಿನದಿಂದ. ಎರಡು ಬೆರಳಿನಗಲ ಇತ್ತು. ಮುಂದಿನ ಸಲ ಒಂದೂವರೆ. ಈಗ ನಾಕರ ಮ್ಯಾಲೈತಿ. ಅಣ್ಣಗ ಇದೇ ರೋಗ ಆದಾಗ ನಾನೂ ನೋಡೀನಲ್ಲ.”

“ಮತ್ತ ಯಾಕ ಸುಮ್ಮನಿದ್ರಿ? ದಿನಾ ಊಟ ಮಾಡ್ತಿದ್ರಿ, ನಗ್ತಿದ್ರಿ…”

“ನೀ ಅಷ್ಟು ಜ್ವಾಕಿಲೆ ಹಿಡಕೊಂಡು ನಿಂತಿದ್ದಿ. ಇಳಿಸು ಅನ್ನಾಕ ಮನಸ್ಸಾಗಲಿಲ್ಲ.”

ಡಾ. ಕಟ್ಟಿ ಮುಖ ತಿರುಗಿಸಿಕೊಂಡರು. ಅವರು ಹೇಳಬೇಕೆಂದಿದ್ದುದನ್ನೆಲ್ಲ ರಾಚಪ್ಪನೇ ಹೇಳಿಬಿಟ್ಟಿದ್ದ.

ರಾಚಪ್ಪ ತನ್ನ ಅಂಗೈಯನ್ನು ಆಕೃತಿಯ ಮೇಲೆ ಮುಚ್ಚಿದ. ಬೆಳಕು ಅವನ ಕೈಯ ಹಿಂಬದಿಗೆ ಏರಿತು. ಅದನ್ನಾದರೂ ಮರೆಮಾಡುವವಳಂತೆ ನೀಲವ್ವ ತನ್ನ ಕೈಯನ್ನು ಅವನ ಕೈಯ ಮೇಲಿಟ್ಟಳು.

ಯಂತ್ರ ಕ್ಷಣಕಾಲ ತಡವರಿಸಿತು. ಹೊಸ ಮೇಲ್ಮೈಯನ್ನು ಅಳೆಯಿತು, ಉಬ್ಬುತಗ್ಗುಗಳನ್ನು ಲೆಕ್ಕ ಹಾಕಿತು. ಆಮೇಲೆ ಒಂದು ಚುಕ್ಕೆಯನ್ನೂ ಬಿಡದೆ ಇಡೀ ಆಕೃತಿಯನ್ನು ಅವಳ ಕೈಯ ಮೇಲೆ ಸ್ಪಷ್ಟವಾಗಿ ಬಿಡಿಸಿತು.