ಮುಟ್ಟದೆ ಬಿಟ್ಟ ಸಜ್ಜಕ

ಅವನೇ!

ಮಸ್ಕತ್ ವಿಮಾನ ನಿಲ್ದಾಣದಲ್ಲಿ, ಗೋವಾ ವಿಮಾನದ ಗೇಟಿನ ಎದುರು, ಫೋನ್ ಚಾರ್ಜ್ ಮಾಡುವ ಪ್ಲಗ್ಗಿನ ಪಕ್ಕ ಕುಳಿತಿದ್ದ ಗಂಡಸನ್ನು ನೋಡಿ ಧನಶ್ರೀ ಚಾರ್ಜರ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

ಎರಡು ವರ್ಷದ ಹಿಂದೆ ಗೋವಾದ ಫೋಂಡಾದಲ್ಲಿರುವ ತಮ್ಮ ಮನೆಗೆ ಹೆಣ್ಣು ನೋಡಲು ಬಂದು, ಒಲ್ಲೆನೆಂದು ಎದ್ದು ಹೋದ ಆನಂದತೀರ್ಥ!

ಅವನೂ ತಲೆಯೆತ್ತಿದ. ಗುರುತು ಹಿಡಿದ. ಗಡಿಬಿಡಿಯಲ್ಲಿ ತನ್ನ ವೈರನ್ನು ಕಿತ್ತು ಎದ್ದು ನಿಂತ.

"ಬರ್ರಿ, ನೀವು ಹಚ್ಕೋರಿ. ನಂದು ಮುಗೀತು."

"ಬ್ಯಾಡ್ರಿ. ನಡುವ ಬಿಟ್ಟು ಎದ್ದು ಹೋಗೂದು ನಿಮಗ ರೂಢಿ ಇರಬಹುದು. ನಾ ಬ್ಯಾರೆ ಹುಡುಕ್ಕೋತೀನಿ."

ಹೇಳಿದವಳೇ ತಿರುಗಿ ನಡೆದಳು. ಎದೆ ಡವಡವ ಎನ್ನುತ್ತಿತ್ತು, ಆದರೆ ನಡಿಗೆಯಲ್ಲಿ ಮಾತ್ರ ಅದು ಕಾಣಲಿಲ್ಲ. ಫೋಂಡಾದಲ್ಲಿ ಸ್ವಂತ ಫಿಸಿಯೋಥೆರಪಿ ಕ್ಲಿನಿಕ್ ನಡೆಸುವವಳು, ನಡಿಗೆಯ ಮೇಲೆ ಅಷ್ಟಾದರೂ ಹಿಡಿತ ಇರಬೇಕಲ್ಲ!

ಧನಶ್ರೀ ತಂದೆ ವಸಂತರಾಯರು ಮತ್ತು ತಾಯಿ ಪದ್ಮಾಬಾಯಿಯ ಜೊತೆ ದಾರ್ ಎಸ್ ಸಲಾಮ್‌ನಿಂದ ಮರಳುತ್ತಿದ್ದಳು. ಅಲ್ಲಿರುವ ಅಕ್ಕನ ಮಗುವಿಗೆ ಹೆಸರಿಡುವ ಶಾಸ್ತ್ರ ಮುಗಿಸಿ ಬರುವಾಗ ಮಸ್ಕತ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ಆದರೆ ಗೋವಾದಲ್ಲಿ ಮಳೆ ಹಿಡಿದಿದೆ, ಅಲ್ಲಿನ ದಾಬೋಳಿ ನಿಲ್ದಾಣದಲ್ಲಿ ವಿಮಾನ ಇಳಿಯುವಂತಿಲ್ಲ ಎಂದು ಬೆಳಿಗ್ಗೆಯಿಂದ ಎಲ್ಲರನ್ನೂ ಕೂರಿಸಿದ್ದರು. ಗೇಟಿನ ಮುಂದೆ ಕೊಂಕಣಿ ಹರಟೆ ಜೋರಾಗಿ ನಡೆದಿತ್ತು. ಕಣ್ಣು ಮುಚ್ಚಿ ಕೂತರೆ ಮಡಗಾಂವದ ಬಸ್ ಸ್ಟ್ಯಾಂಡೇ!

ಎಲ್ಲರಿಗಿಂತ ಹೆಚ್ಚು ಚಡಪಡಿಸುತ್ತಿದ್ದವರು ವಸಂತರಾಯರು. ಬೆಳಗಾವಿಯ ಸಂಬಂಧವೊಂದು ತಿಂಗಳಿಂದ ಬಾಗಿಲಲ್ಲಿ ನಿಂತಿತ್ತು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಒಳ್ಳೆಯ ಮನೆತನ. ಇವತ್ತು ದಿನ ಚೆನ್ನಾಗಿದೆ, ಸಂಜೆಯೊಳಗೆ ಹೌದೋ ಅಲ್ಲವೋ ಹೇಳಿಬಿಡಿ, ಇನ್ನು ಕಾಯಲಾರೆವು ಎಂದು ಅವರು ಫೋನಿನಲ್ಲಿ ನಯವಾಗಿಯೇ ತಿಳಿಸಿದ್ದರು. ರಾಯರು ಇನ್ನೂ ಮಾತು ಕೊಟ್ಟಿರಲಿಲ್ಲ. ಮಗಳು ಮೀನ ಮೇಷ ಎಣಿಸುತ್ತಿದ್ದಳು.

ಹುಡುಗನಲ್ಲಿ ಕೊರತೆ ಏನೆಂದು ತಾಯಿ ಕೇಳುತ್ತಲೇ ಇದ್ದರು. ಕೊರತೆ ಇರಲಿಲ್ಲ... ಅದೇ ತೊಂದರೆ!

ನಿಜ ಹೇಳಬೇಕೆಂದರೆ ಧನಶ್ರೀ ಎರಡು ವರ್ಷದ ಹಿಂದಿನ ಆ ಮಧ್ಯಾಹ್ನವನ್ನು ಮರೆತಿರಲಿಲ್ಲ. ಆನಂದತೀರ್ಥನ ಹಿರಿಯರು ಧಾರವಾಡದ ಕಡೆಯಿಂದ ಕಾರವಾರಕ್ಕೆ ಬಂದವರು. ಕಾಣಕೋಣದಲ್ಲಿ ಮನೆ, ವೆರ್ಣಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಕೆಲಸಕ್ಕೆಂದು ಆಗಾಗ ಮಸ್ಕತ್‌ಗೆ ಹೋಗಿ ಬರುವವನು. ಹಿರಿಯರು ಅವರಿಬ್ಬರನ್ನು ಗ್ಯಾಲರಿಗೆ ಕಳಿಸಿದಾಗ, ಕುತ್ತಿಗೆ ಮುಂದೆ ಚಾಚಿ ಗೂನು ಹಾಕಿಕೊಂಡು ನಿಂತವನಿಗೆ ನೆಟ್ಟಗೆ ನಿಲ್ಲಲು ಹೇಳಿದ್ದಳು. ಅವನು ಬಿದ್ದು ಬಿದ್ದು ನಕ್ಕಿದ್ದ. ಅವಳೂ ನಕ್ಕಿದ್ದಳು. ಒಳಗೆ ಬರುವಷ್ಟರಲ್ಲಿ ಅವಳ ಮನಸ್ಸು ಹೌದೆಂದಾಗಿತ್ತು.

ಆಮೇಲೆ ಬಂತು ಸಜ್ಜಕದ ತಟ್ಟೆ.

ಧಾರವಾಡದಿಂದ ಬಂದು ನೆಲೆಸಿದ ಧನಶ್ರೀಯ ಮನೆತನದ ಪದ್ಧತಿಯೇ ಹಾಗೆ. ಹೆಣ್ಣು ನೋಡಲು ಬಂದವರ ಮುಂದೆ ಸಜ್ಜಕ, ಅಂದರೆ ರವೆಯ ಸಿಹಿ, ಇಡುತ್ತಾರೆ. ಹುಡುಗ ಒಂದು ಚಮಚವಾದರೂ ತಿಂದರೆ ಒಪ್ಪಿಗೆ, ಮುಟ್ಟದೆ ಬಿಟ್ಟರೆ ಇಲ್ಲ. ಮುಖದ ಮೇಲೆ ಒಲ್ಲೆನೆನ್ನುವ ಕಷ್ಟ ಯಾರಿಗೂ ಬೇಡವೆಂದು ಹಿರಿಯರು ಹಾಕಿದ ದಾರಿ. ಬಂದವರಿಗೆ ಇದನ್ನು ಬಿಡಿಸಿ ಹೇಳುವುದಿಲ್ಲ, ಧಾರವಾಡದ ಕಡೆಯವರಿಗೆ ಗೊತ್ತಿರುತ್ತದೆ ಎಂದೇ ಅವರ ನಂಬಿಕೆ.

ಆನಂದತೀರ್ಥ ತಟ್ಟೆಯನ್ನು ಎತ್ತಿಕೊಂಡ, ಮೂಗಿನ ಹತ್ತಿರ ತಂದ, ಎರಡು ಬೆರಳಿನಿಂದ ಮೆಲ್ಲಗೆ ಮುಂದೆ ಸರಿಸಿದ. ಅಷ್ಟೇ.

ಅವತ್ತು ರಾತ್ರಿ ಆ ಸಜ್ಜಕವನ್ನು ಧನಶ್ರೀ ಒಬ್ಬಳೇ ಕೂತು ತಿಂದಿದ್ದಳು, ಅಳುತ್ತಾ... ತಾನೇ ಮಾಡಿದ ಸಜ್ಜಕ!

ಊಟದ ಹೊತ್ತಿಗೆ ವಿಮಾನದವರು ಎಲ್ಲರಿಗೂ ಊಟದ ಡಬ್ಬಿ ಹಂಚಿದರು. ಅನ್ನ, ಪಲ್ಯ, ಬ್ರೆಡ್ಡು, ಒಂದು ಬಾಳೆಹಣ್ಣು. ಪದ್ಮಾಬಾಯಿ ಎದುರು ಸಾಲಿನಲ್ಲಿದ್ದವನನ್ನು ಆಗಲೇ ಗುರುತಿಸಿ ಮುಖ ತಿರುವಿಕೊಂಡಿದ್ದರು. ಧನಶ್ರೀ ಮಾತ್ರ ಓರೆಗಣ್ಣಿನಿಂದ ನೋಡುತ್ತಲೇ ಇದ್ದಳು. ನೋಡಬಾರದು ಎಂದುಕೊಂಡಷ್ಟೂ ನೋಡುತ್ತಿದ್ದಳು.

ಅವನು ಎಲ್ಲವನ್ನೂ ತಿಂದ. ಬಾಳೆಹಣ್ಣನ್ನು ಮಾತ್ರ ಎರಡು ಬೆರಳಿನಿಂದ ಮೆಲ್ಲಗೆ ಮುಂದೆ ಸರಿಸಿದ.

ಅದೇ ಬೆರಳು, ಅದೇ ರೀತಿ! ಧನಶ್ರೀಯ ಮೈ ಉರಿದುಹೋಯಿತು. ಸುಮ್ಮನಿರುವ ಜಾಯಮಾನ ಅವಳದಲ್ಲ. ಎದ್ದು ನೇರ ಹೋಗಿ ಅವನ ಎದುರು ನಿಂತಳು.

"ಒಂದು ಕೇಳ್ತೀನಿ, ಖರೇ ಹೇಳ್ರಿ. ಮುಂದ ಇಟ್ಟದ್ದನ್ನ ಹಿಂಗ ಸರಿಸೂದು ಯಾವ ಊರಿನ ನಡವಳಿಕಿ?"

ಆನಂದತೀರ್ಥ ಬಾಳೆಹಣ್ಣನ್ನೂ ಅವಳನ್ನೂ ನೋಡಿದ. "ಇದೇನ್ರಿ? ಇದನ್ನ ನಾ ಗಯಾದಾಗ ಬಿಟ್ಟೇನಿ."

"ಗಯಾದಾಗ?"

ಅವನು ನಿಧಾನವಾಗಿ ಹೇಳಿದ. ತಂದೆ ತೀರಿಕೊಂಡ ವರ್ಷ ಗಯಾಕ್ಕೆ ಹೋಗಿ ಪಿಂಡ ಇಟ್ಟು ಬಂದಿದ್ದ. ಅಲ್ಲಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನು ಬಿಟ್ಟು ಬರಬೇಕು. ತಂದೆ ಮಗ ಇಬ್ಬರಿಗೂ ಬಾಳೆಹಣ್ಣೆಂದರೆ ಪ್ರಾಣ. ಅದನ್ನೇ ಬಿಟ್ಟ. ಅಂದಿನಿಂದ ಮುಟ್ಟಿಲ್ಲ.

ಧನಶ್ರೀ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತಳು.

ಸಜ್ಜಕಕ್ಕೆ ಬಾಳೆಹಣ್ಣು ಹಾಕುವುದು ಗೋವಾದವರ ರೂಢಿ. ಧಾರವಾಡದಲ್ಲಿ ಹಾಕುವುದಿಲ್ಲ. ಅಂದು ತಾಯಿ ಬೇಡವೆಂದರೂ ಕೇಳದೆ, ರುಚಿ ಬರುತ್ತದೆಂದು ಮೊಯ್ರಾ ಬಾಳೆಹಣ್ಣು ಹಿಚುಕಿ ಹಾಕಿದವಳು ಅವಳೇ!

"ಅವತ್ತು ಹೇಳಬಾರದಿತ್ತೇನ್ರಿ?" ಅವಳ ದನಿ ಸಣ್ಣಗಾಗಿತ್ತು.

"ಶುಭಕಾರ್ಯಕ್ಕ ಬಂದಲ್ಲೆ ಗಯಾ, ಪಿಂಡ ಅಂತ ಹೆಂಗ ಬಾಯಿ ತೆಗೀಲಿ? ಅವ್ವ ಸುಮ್ನಿರು ಅಂತ ಕಣ್ಣು ಮಾಡಿದ್ಲು. ಒಂದು ಸಜ್ಜಕ ತಿನ್ನದಿದ್ರ ಏನಾದೀತು ಅಂದ್ಕೊಂಡೆ."

ಏನಾಯಿತೆಂದು ಅವಳು ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು. ಅವನ ಮನೆಯ ಪದ್ಧತಿಯಂತೆ ಹೆಣ್ಣಿನ ಕಡೆಯವರು ಫೋನ್ ಮಾಡಿ ಮುಂದಿನ ಮಾತಿಗೆ ಕರೆಯಬೇಕು. ಇವರು ಕರೆಯಲೇ ಇಲ್ಲ. ಹುಡುಗಿಗೆ ತಾನು ಹಿಡಿಸಲಿಲ್ಲ ಎಂದು ತಿಳಿದು ಅವನೂ ಬಾಯಿ ಮುಚ್ಚಿಕೊಂಡಿದ್ದ. ಇಬ್ಬರ ಮನೆಯಲ್ಲೂ ಮರ್ಯಾದೆಗೇನೂ ಕಡಿಮೆಯಿರಲಿಲ್ಲ ನೋಡಿ, ಒಬ್ಬರನ್ನೊಬ್ಬರು ಕೇಳುವಷ್ಟು ಬುದ್ಧಿ ಮಾತ್ರ ಯಾರಿಗೂ ಇರಲಿಲ್ಲ.

"ಅವತ್ತಿನಿಂದ ನಾ ನೆಟ್ಟಗ ಕೂಡ್ಲಿಕತ್ತೇನಿ," ಅಂದ ಅವನು, ನೆಲ ನೋಡುತ್ತಾ. ಧನಶ್ರೀ ಆಗ ಗಮನಿಸಿದಳು. ಹೌದು, ಬೆನ್ನು ನೆಟ್ಟಗಿತ್ತು. ಅವಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಆಚೆಯಿಂದ ರಾಯರ ದನಿ ಕೇಳಿಸಿತು. ಬೆಳಗಾವಿಯವರ ಜೊತೆ ಫೋನಿನಲ್ಲಿ, ಸಂಜೆಯೊಳಗೆ ಖಂಡಿತ ಹೇಳುತ್ತೇವೆ ಎನ್ನುತ್ತಿದ್ದರು. ರಾಯರು ಫೋನಿನಲ್ಲಿ ಮಾತಾಡಿದರೆ ಅರ್ಧ ನಿಲ್ದಾಣಕ್ಕೆ ಕೇಳುತ್ತದೆ. ಆನಂದತೀರ್ಥನಿಗೂ ಬೆಳಿಗ್ಗೆಯಿಂದ ಎಲ್ಲವೂ ಕೇಳಿಸಿತ್ತು.

ಅವನು ಎದ್ದು ನಿಂತ. "ಆಗಿದ್ದು ಆಗಿಹೋತು. ಕೂಡಿ ಬಂದ ಸಂಬಂಧಕ್ಕ ನಾ ಅಡ್ಡ ಬರೂದು ಸರಿ ಅಲ್ರಿ. ನಿಮಗ ಚಲೋ ಆಗ್ಲಿ."

ಹೋಗಿಯೇಬಿಟ್ಟ! ಧನಶ್ರೀಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. *ಮತ್ತ ಅದೇ! ಮತ್ತ ಕೇಳದೇ ಎದ್ದು ಹೋದ! ಇವನ ದೊಡ್ಡಸ್ತಿಕಿಗೆ ಬೆಂಕಿ ಬೀಳ್ಲಿ!*

ಸ್ವಲ್ಪ ಹೊತ್ತು ಗಾಜಿನಾಚೆಯ ಬಿಸಿಲನ್ನು ನೋಡುತ್ತಾ ಕೂತಳು. ಅವನ ಹಿಂದೆ ಓಡಬೇಕೆನಿಸಲಿಲ್ಲ. ಅವನು ಬರಲಿ ಬಿಡಲಿ, ಒಂದು ವಿಷಯ ಅವಳಿಗೆ ಸ್ಪಷ್ಟವಾಗಿತ್ತು. ಒಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಬ್ಬನಿಗೆ ಹೌದೆನ್ನುವುದು ಆ ಬೆಳಗಾವಿಯ ಹುಡುಗನಿಗೆ ಮಾಡುವ ಮೋಸ. ಅದು ಅವಳಿಂದಾಗದು.

ತಂದೆಯ ಮುಂದೆ ಹೋಗಿ ಕೂತು ಎಲ್ಲವನ್ನೂ ಹೇಳಿದಳು. ಪದ್ಮಾಬಾಯಿ ಹಣೆ ಹಣೆ ಬಡಿದುಕೊಂಡರು. ಬಾಳೆಹಣ್ಣು ಬೇಡವೆಂದು ತಾವು ಹೇಳಿದ್ದನ್ನು ಮೂರು ಸಲ ನೆನಪಿಸಿದರು. ರಾಯರು ಮಾತ್ರ ಮಗಳ ಕಡೆ ತಿರುಗಿ ಕೂತರು. ನಂತರ ಕೇಳಿದರು.

"ಅವ ನಿನ್ನ ಕೇಳ್ಯಾನೇನು?"

"ಇಲ್ಲಪ್ಪಾ."

"ಕೇಳದಿದ್ರ? ಇದೂ ಹೋತು, ಅದೂ ಹೋತು ಅಂತಾದ್ರ?"

"ಆದ್ರ ಆಗ್ಲಿ. ನನ್ನ ಕ್ಲಿನಿಕ್ ಅದ, ನಾ ಅದೇನಿ. ಮನಸ್ಸಿಲ್ಲದ ಹೌದು ಮಾತ್ರ ನನ್ನ ಬಾಯಿಂದ ಬರೂದಿಲ್ಲ. ಫೋನ್ ಕೊಡು, ನಾನೇ ಮಾತಾಡ್ತೀನಿ."

ಮಾತಾಡಿದಳು ಕೂಡ. ಬೆಳಗಾವಿಯ ಹುಡುಗನ ತಾಯಿಗೆ ನಮಸ್ಕಾರ ಹೇಳಿ, ತಡ ಮಾಡಿದ್ದಕ್ಕೆ ಕ್ಷಮೆ ಕೇಳಿ, ತನ್ನ ಮನಸ್ಸು ಬೇರೆ ಕಡೆ ಇದೆ ಎಂದು ನೇರವಾಗಿ ತಿಳಿಸಿದಳು. ಆ ತಾಯಿ, ಈಗಲಾದರೂ ಹೇಳಿದಿಯಲ್ಲ ತಂಗಿ, ಒಳ್ಳೆಯದಾಗಲಿ ಎಂದು ಫೋನಿಟ್ಟರು. ರಾಯರು ಮಗಳ ತಲೆಯ ಮೇಲೆ ಕೈಯಿಟ್ಟರು.

ಸಂಜೆಯ ಹೊತ್ತಿಗೆ ವಿಮಾನ ಹೊರಟಿತು. ಅವನು ಎಲ್ಲೋ ಹಿಂದಿನ ಸಾಲಿನಲ್ಲಿದ್ದ. ಧನಶ್ರೀ ಒಮ್ಮೆಯೂ ತಿರುಗಿ ನೋಡಲಿಲ್ಲ. ಕಿಟಕಿಯ ಹೊರಗೆ ಮೋಡ, ಒಳಗೆ ಎದೆ ಭಾರ... ಆದರೂ ಮನಸ್ಸು ಹಗುರವಾಗಿತ್ತು.

ದಾಬೋಳಿಯಲ್ಲಿ ಮಳೆ ಇನ್ನೂ ಜಿನುಗುತ್ತಿತ್ತು. ಬ್ಯಾಗುಗಳು ಬಂದವು. ಆನಂದತೀರ್ಥ ತನ್ನ ಪೆಟ್ಟಿಗೆ ಎತ್ತಿಕೊಂಡು ರಾಯರ ಕಾಲಿಗೆ ನಮಸ್ಕರಿಸಿದ. ಮದುವೆಯ ದಿನ ಗೊತ್ತಾಯಿತೇ ಎಂದು ಮೆಲ್ಲಗೆ ಕೇಳಿದ. ರಾಯರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ನಮ್ಮ ಧನಾ ಅವರಿಗೆ ಒಲ್ಲೆ ಅಂದ್ಲಪ್ಪ. ನೀ ಏನು ಕೇಳೂದಿದ್ರೂ ಆಕಿನ್ನ ಕೇಳು. ನನ್ನ ಕಿವಿ ಮಂದ ಆಗ್ಯಾವ." ಪದ್ಮಾಬಾಯಿಯನ್ನು ಕರೆದುಕೊಂಡು, ಟ್ರಾಲಿ ತಳ್ಳುತ್ತಾ ಟ್ಯಾಕ್ಸಿಯ ಕಡೆ ನಡೆದುಬಿಟ್ಟರು.

ಆನಂದತೀರ್ಥ ಅವಳತ್ತ ತಿರುಗಿದ. ಮುಖದಲ್ಲಿ ನಂಬಿಕೆಯಿಲ್ಲದ ಸಂತೋಷ.

"ನನ್ನ ಸಲುವಾಗಿ?"

"ನನ್ನ ಸಲುವಾಗಿ," ಅಂದಳು ಧನಶ್ರೀ.

ಅವನು ತಲೆ ಕೆರೆದುಕೊಂಡ. ನಾಳೆಯೇ ತಾಯಿಯಿಂದ ರಾಯರಿಗೆ ಫೋನ್ ಮಾಡಿಸುತ್ತೇನೆ, ನಂತರ ಹಿರಿಯರು ಕೂತು... ಎಂದು ಶುರು ಮಾಡಿದ. ಧನಶ್ರೀ ಕೈಯೆತ್ತಿ ತಡೆದಳು.

"ಹಿರ್ಯಾರು ಆಮ್ಯಾಲೆ ಮಾತಾಡ್ಲಿ. ಈಗ ನೀವಿದ್ದೀರಿ, ನಾ ಇದ್ದೀನಿ. ಬಾಯಿ ಬಿಟ್ಟು ಕೇಳ್ರಿ."

ಸುತ್ತ ಜನ, ಟ್ಯಾಕ್ಸಿಯವರ ಕೂಗು, ಮಳೆಯ ಸದ್ದು. ಅವನು ಪೆಟ್ಟಿಗೆ ಕೆಳಗಿಟ್ಟು ನೆಟ್ಟಗೆ ನಿಂತ.

"ಧನಶ್ರೀ... ನನ್ನ ಲಗ್ನ ಆಗ್ತೀರೇನು?"

"ಕೇಳಿಸಲಿಲ್ಲ."

"ನನ್ನ ಲಗ್ನ ಆಗ್ತೀರೇನ್ರಿ?" ಪಕ್ಕದ ಸಾಲಿನವರೂ ತಿರುಗಿ ನೋಡಿದರು.

"ಹೂಂ," ಅಂದಳು ಅವಳು, ಅಷ್ಟೇ ಜೋರಾಗಿ. "ಆಗ್ತೀನಿ."