ಪರದೆಯ ಮೇಲೊಂದು ರಂಗೋಲಿ

ಅದು ತೊಂಬತ್ತಮೂರರ ಬೇಸಿಗೆ. ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಆಗತಾನೇ ಶುರುವಾಗಿದ್ದ ಕಂಪ್ಯೂಟರ್ ಸೆಂಟರಿಗೆ, ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದ ಯುವಕನೊಬ್ಬ ಬಂದು ಬಾಗಿಲಲ್ಲೇ ನಿಂತ.

"ಬೋರ್ಡ್ ಬರ್ಯಾಕೆ ಬಂದೆ ಮೇಡಮ್. ಏನು ಬರೀಬೇಕು ಅಂತ ಪ್ರೋಗ್ರಾಂ ಬರೆಯೋರನ್ನ ಕೇಳು ಅಂದ್ರು ಓನರ್ರು. ಸಾರ್ ಎಲ್ಲವ್ರೆ?"

"ಸಾರ್ ಇಲ್ಲ. ಬರೆಯೋಳು ನಾನೇ," ಎಂದಳು ಗಂಗರತ್ನ.

ಅವನ ಕಿವಿ ಕೆಂಪಾಯಿತು. ಅವಳಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಅವಳು ಕ್ಯಾಸಂಬಳ್ಳಿಯ ಮುನಿಸ್ವಾಮಪ್ಪನ ಮಗಳು. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಏಳೂವರೆ ಬಸ್ಸು ಹಿಡಿದು ಬರುತ್ತಿದ್ದಳು. ಡಿಪ್ಲೊಮಾ ಮುಗಿಸಿ ಈ ಸೆಂಟರಿನಲ್ಲಿ ಪಾಠ ಹೇಳುತ್ತಾ, ಒಂದು ನರ್ಸಿಂಗ್ ಹೋಮಿಗೆ ರೋಗಿಗಳ ಹೆಸರು ಹುಡುಕಿಕೊಡುವ ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಪಾಠ ಮುಗಿದ ಮೇಲೆ ಅವಳದೊಂದು ಹುಚ್ಚಿತ್ತು: ಅಜ್ಜಿ ಕಲಿಸಿದ ಚುಕ್ಕಿ ರಂಗೋಲಿಗಳನ್ನು ಪರದೆಯ ಮೇಲೆ ಮೂಡಿಸುವುದು.

ಆ ಯುವಕ ಕಾಮಸಮುದ್ರದ ಕಡೆಯ ಕೋದಂಡ; ಬಸ್ಸುಗಳಿಗೆ, ಅಂಗಡಿಗಳಿಗೆ ಅಕ್ಷರ ಬರೆಯುವವನು. ಒಂದು ದಿನದ ಬೋರ್ಡಿಗೆ ನಾಲ್ಕು ದಿನ ತೆಗೆದುಕೊಂಡ. ಮೂರನೆಯ ದಿನ ನೀರು ಕೇಳಲು ಒಳಗೆ ಬಂದವನು ಪರದೆಯ ಮೇಲಿನ ರಂಗೋಲಿ ನೋಡಿ ನಿಂತುಬಿಟ್ಟ.

"ತಪ್ಪು ತಿಳ್ಕಾಬೇಡಿ ಮೇಡಮ್. ಲೆಕ್ಕ ಸರಿಯಾಗೈತೆ. ಜೀವ ಇಲ್ಲ."

ಅವಳ ಹುಬ್ಬು ಗಂಟಾಯಿತು. ಅವನು ಹಳೆಯ ಪೇಪರಿನ ಮೇಲೆ ಕುಂಚದಿಂದ ಒಂದು ಸುಳಿ ಎಳೆದ. ಗೆರೆ ಸಣ್ಣಗೆ ಹೊರಟು, ತಿರುವಿನಲ್ಲಿ ತುಂಬಿಕೊಂಡು, ಮತ್ತೆ ಸಣ್ಣಗಾಯಿತು. ಕೈ ಒಂದೆಡೆ ಒತ್ತುತ್ತದೆ, ಒಂದೆಡೆ ಬಿಡುತ್ತದೆ ಎಂದು ವಿವರಿಸಿದ. ಗಂಗರತ್ನ ಗೆರೆಯನ್ನು ನೋಡಲಿಲ್ಲ. ಅವನ ಮಣಿಕಟ್ಟನ್ನು ನೋಡುತ್ತಿದ್ದಳು.

ಗೆರೆ ತಿರುವಿನಲ್ಲಿ ದಪ್ಪವಾಗುವಂತೆ ಪ್ರೋಗ್ರಾಂ ತಿದ್ದಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಟೀ ಹೊತ್ತಿಗೆ ಕೋದಂಡ ಏನಾದರೂ ನೆಪ ಹುಡುಕಿ ಬಂದ. ಕೊನೆಗೊಂದು ಸಂಜೆ, ಬಂಗಾರಪೇಟೆಯಿಂದ ತನಗೊಂದು ಸಂಬಂಧ ಬಂದಿದೆ, ಮದುವೆಯಾದರೆ ಕೆಲಸ ಬಿಡಬೇಕಂತೆ ಎಂದು ಅವಳೇ ಹೇಳಿದಳು. ಏನಾದರೂ ಅನ್ನಲಿ ಎಂದೇ ಹೇಳಿದ್ದು.

"ಒಳ್ಳೇದಾಗ್ಲಿ ಮೇಡಮ್," ಎಂದು ಹೊರಟವನು ಮತ್ತೆ ಬರಲಿಲ್ಲ.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೆಟ್ಟಿಲ ಮೇಲೆ ಯಾರ ಸಪ್ಪಳವಾದರೂ ಪಾಠ ತಪ್ಪುತ್ತಿತ್ತು. ಮನೆಯಲ್ಲಿ ಒಲೆಯ ಎದುರಿಗೇ ನಿಂತು ಹಾಲು ಉಕ್ಕಿಸಿದಳು. ಎರಡು ವಾರ ಹೀಗೇ ಕಳೆದ ಮೇಲೆ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅಪ್ಪನ ಬೆನ್ನ ಹಿಂದೆ ನಿಂತು, ಆ ಸಂಬಂಧ ಬೇಡವೆಂದೂ ಯಾರು ಬೇಕೆಂದೂ ಹೇಳಿಬಿಟ್ಟಳು.

ಮುನಿಸ್ವಾಮಪ್ಪ ಕರೆಯುವುದನ್ನು ನಿಲ್ಲಿಸಲಿಲ್ಲ. "ಅವ್ನೂ ಕೆಲ್ಸ ಬಿಡು ಅಂತಾನಾ?" ಎಂದು ಕೇಳಿದ.

"ಅವ್ನಿಗಿನ್ನೂ ವಿಷ್ಯಾನೇ ಗೊತ್ತಿಲ್ಲಪ್ಪ."

ಅಪ್ಪ ತಿರುಗಿ ಮಗಳನ್ನು ನೋಡಿದ. "ಮೊದ್ಲು ಅವ್ನನ್ನ ಕೇಳ್ಕಂಡು ಬಾ ಓಗಮ್ಮ. ಆಮೇಲೆ ನಾನು ನೋಡ್ತೀನಿ."

ಮರುದಿನ ಅಂಗಡಿಯವರನ್ನು ವಿಚಾರಿಸಿಕೊಂಡು ಹೋದವಳಿಗೆ, ಬಂಗಾರಪೇಟೆ ಬಸ್ ನಿಲ್ದಾಣದ ಹತ್ತಿರ, ಹೋಟೆಲಿನ ಗೋಡೆಗೆ ಏಣಿ ಹಾಕಿಕೊಂಡು ಬರೆಯುತ್ತಿದ್ದ ಕೋದಂಡ ಸಿಕ್ಕಿದ. ಇಳಿದು ಬನ್ನಿ ಅಂದಳು. ಬಣ್ಣ ಒಣಗಿಬಿಡ್ತದೆ ಅಂದ. ಸರಿ, ಅವಳು ಕೆಳಗಿಂದಲೇ ಹೇಳಿದಳು:

"ಆ ಸಂಬಂಧ ಬೇಡ ಅಂದೆ."

ಕುಂಚ ನಿಂತಿತು. "ನಾನು ಎಸ್ಸೆಸ್ಸೆಲ್ಸಿ ಫೇಲು ಮೇಡಮ್."

"ಗೊತ್ತು."

"ನಮ್ಮೂರಾಗೆ ಕರೆಂಟೇ ಸರಿಯಾಗಿರಲ್ಲ. ನಿಮ್ ಕೆಲ್ಸ..."

"ನನ್ ಕೆಲ್ಸಕ್ಕೆ ನಾನು ಬಸ್ಸಲ್ಲಿ ಓಗಿ ಬರ್ತೀನಿ. ನಿಂಗೆ ನಾನು ಬೇಕಾ, ಬ್ಯಾಡ್ವಾ? ಅಷ್ಟು ಹೇಳು ಕೋದಂಡ."

ಮೊದಲ ಸಲ ಏಕವಚನ. ಅವನು ಒಂದೊಂದೇ ಮೆಟ್ಟಿಲು ಇಳಿದು ಬಂದ. ಅವನ ಬಾಯಿಂದ ಹೊರಟ ಮಾತನ್ನು ಬಸ್ಸಿನ ಹಾರ್ನ್ ಅರ್ಧ ನುಂಗಿತು.

"ಕೇಳಿಸ್ಲಿಲ್ಲ," ಎಂದಳು, ಕೇಳಿಸಿದ್ದರೂ.

"ಬೇಕು," ಎಂದ. ಈ ಸಲ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರೂ ತಿರುಗಿ ನೋಡಿದರು.

ನಾಳೆ ಬೆಳಗ್ಗೆ ಅಪ್ಪ ಮನೆಯಲ್ಲಿರುತ್ತಾರೆ, ಬಂದು ಮಾತಾಡಬೇಕು ಎಂದಳು. ಅವನು ತಲೆಯಾಡಿಸಿದ. ಅಷ್ಟರಲ್ಲಿ ಅವಳ ಬಸ್ಸು ಬಂತು. ಹತ್ತಲು ಅವಳು ಹೊರಡಲಿಲ್ಲ, ಹತ್ತಿಸಲು ಅವನೂ ಅವಸರ ಮಾಡಲಿಲ್ಲ. ಅದು ಹೋಯಿತು. ಅದರ ಹಿಂದೆ ಬಂದದ್ದೂ ಹೋಯಿತು.